ಬಟ್ಟಲನ್ನು ತೂಗಿದವರು

“ಮಾಡಿದವರನ್ನ ತೆಗೆದುಹಾಕಿಬಿಟ್ರೆ, ಮಾಡಿದ ಕೆಲಸ ಇನ್ನೂ ಜಾಸ್ತಿ ನಿಜ ಆಗುತ್ತಾ?”

ತಕ್ಕಡಿ ಅಕ್ಕ ಹೀಗೆ ಕೇಳಿದ್ದು ಊಟದ ಬಿಡುವಿನಲ್ಲಿ, ನೀರು ಪರೀಕ್ಷಿಸುವ ಪ್ರಯೋಗಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು. ಎಡ ಮೊಣಕಾಲ ಮೇಲೆ ಊಟದ ಡಬ್ಬಿ, ಬಲ ಮೊಣಕಾಲ ಮೇಲೆ ಒಂದು ಹಾಳೆಯ ಇಂಗ್ಲಿಷ್ ವರದಿ. ಪಕ್ಕದಲ್ಲಿದ್ದವಳು ಅದೇ ಪ್ರಯೋಗಾಲಯದ ಕಿರಿಯ ವಿಶ್ಲೇಷಕಿ. ಆಗಿನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಗಡಿಯಾರ ಹನ್ನೆರಡು ತೋರಿಸಿದರೂ ಇನ್ನೊಂದು ಗಡಿಯಾರ ನೋಡಿದ ಮೇಲೆಯೇ ಹಸಿವಾಗುತ್ತಿದ್ದ ಹುಡುಗಿ. ಅವಳು ಕೆಲಸಕ್ಕೆ ಸೇರಿದ ವಾರದೊಳಗೆ ಅಕ್ಕ ಅವಳಿಗೆ ‘ಅನುಮಾನಿ’ ಎಂದು ಹೆಸರಿಟ್ಟಿದ್ದಳು. ಆ ಹೆಸರು ಅಂಟಿಕೊಂಡಿತ್ತು.

ವರದಿಯನ್ನು ಬರೆದವಳು ಅನುಮಾನಿಯೇ. ಅಕ್ಕ ಬೆರಳಿಟ್ಟು ಒಂದೊಂದೇ ಸಾಲನ್ನು ಬಿಡಿಸಿ ಓದುತ್ತಿದ್ದಳು. “ದ ಡಿಶ್ ವಾಸ್ ವಾಷ್ಡ್. ದ ಡಿಶ್ ವಾಸ್ ಹೀಟೆಡ್. ದ ಡಿಶ್ ವಾಸ್ ವೇಯ್ಡ್. ಅಂದರೆ?”

“ಬಟ್ಟಲನ್ನು ತೊಳೆಯಲಾಯಿತು, ಕಾಯಿಸಲಾಯಿತು, ತೂಗಲಾಯಿತು.”

“ಆಹಾ! ತೊಳೆಯಲಾಯಿತಂತೆ! ತೊಳೆದವಳು ಇಲ್ಲೇ ನಿನ್ನ ಪಕ್ಕದಲ್ಲಿ ಕೂತು ಅನ್ನ ಉಣ್ತಾ ಇದಾಳೆ. ಕಾಯಿಸಿದವಳೂ ಇವಳೇ. ಆಕಾಶದಿಂದ ಕೈಯೊಂದು ಇಳಿದು ಬಂದು ಬಟ್ಟಲು ತೊಳೀತಾ?”

ಅನುಮಾನಿಯ ಬಳಿ ಉತ್ತರ ಸಿದ್ಧವಿತ್ತು. ಅವಳಿಗೂ ಯಾರೋ ಹೇಳಿಕೊಟ್ಟ ಉತ್ತರ. ವಿಜ್ಞಾನಕ್ಕೆ ಮಾಡಿದವರು ಮುಖ್ಯವಲ್ಲ, ಮಾಡಿದ್ದು ಮುಖ್ಯ. ಯಾರು ತೂಗಿದರೂ ಅಷ್ಟೇ ತೂಕ ಬರಬೇಕು; ಆದ್ದರಿಂದ ತೂಗಿದವರ ಹೆಸರು ಬೇಕಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆಂದೇ ಕ್ರಿಯಾಪದದ ಒಂದು ರೂಪವಿದೆ, ಕರ್ತೃವನ್ನು ಹೊರಗಿಟ್ಟು ವಾಕ್ಯ ಮುಗಿಸಬಹುದು. ಇಷ್ಟನ್ನೂ ಹೇಳಿದಾಗ ಅಕ್ಕ ಕೇಳಿದ್ದು ಆ ‘ಇನ್ನೂ ಜಾಸ್ತಿ ನಿಜ ಆಗುತ್ತಾ’ ಎಂಬ ಪ್ರಶ್ನೆ. ಅನುಮಾನಿ ತನ್ನ ಡಬ್ಬಿಯ ತಳದಲ್ಲಿ ಉಳಿದಿದ್ದ ಎರಡು ಅಗುಳನ್ನು ಬಹಳ ಶ್ರದ್ಧೆಯಿಂದ ಹುಡುಕಿ ತಿಂದಳು.

ಬಟ್ಟಲಲ್ಲಿ ನೀರನ್ನು ಆವಿಯಾಗಿಸಿ, ತಳದಲ್ಲಿ ಉಳಿದ ಲವಣವನ್ನು ತೂಗಿ ನೀರಿನ ಗುಣ ಹೇಳುವುದು ಅಲ್ಲಿನ ಕೆಲಸ. ಅಕ್ಕನ ಹುದ್ದೆ ಅಟೆಂಡರ್. ನಿಯಮದ ಪ್ರಕಾರ ಅವಳು ಬಟ್ಟಲು ತೊಳೆಯಬಹುದು, ಓವನ್ನಿಗೆ ಇಡಬಹುದು, ತಕ್ಕಡಿಯ ಗಾಜಿನ ಪೆಟ್ಟಿಗೆಯನ್ನು ಒರೆಸಬಹುದು. ತಕ್ಕಡಿಯಲ್ಲಿ ಏನನ್ನೂ ತೂಗುವಂತಿಲ್ಲ. ನಡೆಯುತ್ತಿದ್ದುದು ಬೇರೆಯೇ. ಹೊಸದಾಗಿ ಸೇರಿದ ವಿಶ್ಲೇಷಕರು ಮೊದಲ ವರ್ಷ, ಅಂದರೆ ಕೆಲಸ ಕಾಯಂ ಆಗುವವರೆಗೆ, ತಮ್ಮ ಕೈಯಿಂದಲೇ ತೂಗಬೇಕೆಂದು ದೊಡ್ಡ ಸಾಹೇಬರ ಕಟ್ಟಪ್ಪಣೆಯಿತ್ತು. ಕಾಯಂ ಆದ ಮರುದಿನದಿಂದ ಅವರಲ್ಲಿ ಯಾರೂ ತಕ್ಕಡಿಯ ಕೋಣೆಯತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಕ್ಕ ತೂಗುತ್ತಿದ್ದಳು, ಅವರು ಸಹಿ ಹಾಕುತ್ತಿದ್ದರು. ದಾಖಲೆ ಪುಸ್ತಕದ ಬಲತುದಿಯಲ್ಲಿ ಹೆಬ್ಬೆರಳಗಲದ ಒಂದು ಅಂಕಣವಿತ್ತು: ‘ತೂಗಿದವರ ಸಹಿ’. ಇಪ್ಪತ್ತೆರಡು ವರ್ಷಗಳಿಂದ ಆ ಕಟ್ಟಡದಲ್ಲಿ ತೂಗಿದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಕ್ಕನ ಕೈಯಿಂದಲೇ ಆದದ್ದು. ಆ ಅಂಕಣದಲ್ಲಿ ಅವಳ ಸಹಿ ಒಂದೂ ಇರಲಿಲ್ಲ.

ತಕ್ಕಡಿಯ ಕೋಣೆ ಇದ್ದುದು ಮೂಲೆಯಲ್ಲಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಚಿಕ್ಕದು. ಗೋಡೆಗೆ ಕೂಡಿಸಿದ ಕಲ್ಲಿನ ಹಾಸು, ಅದರ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎರಡು ತಟ್ಟೆಯ ಹಳೆಯ ತಕ್ಕಡಿ. ತೂಕದ ಬಟ್ಟುಗಳನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಚಿಮುಟವೇ ಬೇಕು. ಅಕ್ಕ ಅಲ್ಲಿ ಕೂತಾಗ ಅವಳ ದಪ್ಪ ಬೆರಳುಗಳು ಇನ್ಯಾರದೋ ಬೆರಳುಗಳಾಗಿಬಿಡುತ್ತಿದ್ದವು. ಉಸಿರನ್ನು ಪಕ್ಕಕ್ಕೆ ತಿರುಗಿಸಿ ಬಿಡುತ್ತಿದ್ದಳು. ಮುಳ್ಳು ಅತ್ತಿತ್ತ ತೂಗಾಡಿ ನಿಲ್ಲುವವರೆಗೆ ಅವಳ ಹುಬ್ಬೂ ಅಲ್ಲಾಡುತ್ತಿರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಬಾಗಿಲು ತೆರೆಯುವವಳೂ ಅವಳೇ. ಜನ ಓಡಾಡಿ ದೂಳೆಬ್ಬಿಸುವ ಮುನ್ನ ಆ ಕೋಣೆಯನ್ನು ಒರೆಸಿಡಬೇಕು ಎಂಬುದು ಅವಳ ಹಟ.

ಅವಳ ಆಸೆ ದೊಡ್ಡದಲ್ಲ. ಅಟೆಂಡರುಗಳಿಗೆ ಒಂದು ಇಲಾಖಾ ಪರೀಕ್ಷೆ ಇತ್ತು. ಪಾಸಾದರೆ ಪ್ರಯೋಗಾಲಯ ಸಹಾಯಕಿ. ಸಹಾಯಕಿಗೆ ತೂಗುವ ಹಕ್ಕಿದೆ, ಆ ಹೆಬ್ಬೆರಳಗಲದ ಅಂಕಣದಲ್ಲಿ ಸಹಿ ಮಾಡುವ ಹಕ್ಕಿದೆ. ಮೂರು ಸಲ ಮಾತ್ರ ಕೂರಬಹುದು, ಅದೂ ಐವತ್ತರೊಳಗೆ. ಅಕ್ಕ ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದಳು. ಕಾರಣ ಒಂದೇ: ಇಂಗ್ಲಿಷಿನಲ್ಲಿ ಒಂದು ಪ್ರಯೋಗದ ವರದಿ ಬರೆಯಬೇಕು. ಅವಳು ಬರೆದದ್ದು ‘ಐ ವಾಷ್, ಐ ಹೀಟ್, ಐ ವೇ’. ಪರೀಕ್ಷಕರು ಎಲ್ಲ ‘ಐ’ಗಳಿಗೂ ಕೆಂಪು ಸುತ್ತು ಹಾಕಿದ್ದರು. “ಎರಡನೇ ಸಲ ಇಪ್ಪತ್ತಾರು ಸುತ್ತು,” ಎಂದು ಅಕ್ಕ ಲೆಕ್ಕ ಕೊಡುತ್ತಿದ್ದಳು, “ನನ್ನ ಪೇಪರಿಗೆ ಅಮ್ಮ ಬಂದಿದೆ ಅಂದ್ಕೊಂಡೆ.”

ಈಗ ಅವಳಿಗೆ ನಲವತ್ತೊಂಬತ್ತು. ಉಳಿದಿರುವುದು ಒಂದೇ ಅವಕಾಶ.

ಹಾಗಾಗಿ ಪ್ರತಿ ರಜೆಯ ದಿನ ಬೆಳಗ್ಗೆ ಅನುಮಾನಿ ಅಕ್ಕನ ಮನೆಗೆ ಪಾಠಕ್ಕೆ ಹೋಗತೊಡಗಿದಳು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಬಳಿ ಹೊಲಿಗೆಯಂತ್ರ. ಅಕ್ಕನ ಗಂಡ ದರ್ಜಿ. ಮಕ್ಕಳಿಲ್ಲದ ಮನೆ, ಆದರೆ ಗೋಡೆಯ ಉದ್ದಕ್ಕೂ ಊರ ಮಕ್ಕಳ ಅಂಗಿಗಳೆಲ್ಲ ತೋಳು ಚಾಚಿ ನೇತಾಡುತ್ತಿದ್ದವು. ದರ್ಜಿಯ ಒಂದು ಕಿವಿ ಮಂದ. ಯಾವ ಕಿವಿ ಎಂಬುದು ಹೆಂಡತಿ ಏನು ಹೇಳುತ್ತಿದ್ದಾಳೆ ಎಂಬುದರ ಮೇಲೆ ನಿರ್ಧಾರವಾಗುತ್ತಿತ್ತು. ಅನುಮಾನಿ ಅವನನ್ನು ಭಾವ ಎನ್ನುತ್ತಿದ್ದಳು; ಅವನು ಅವಳನ್ನು ನಾದಿನಿ ಎಂದು ಬೀದಿಗೆಲ್ಲ ಪರಿಚಯ ಮಾಡಿಸಿದ್ದ.

ಮೊದಲ ಪಾಠ ‘ಹೋಗು’. ಅನುಮಾನಿ ಹಲಗೆಯ ಮೇಲೆ ಬರೆದಳು: ಐ ವೆಂಟ್, ಯೂ ವೆಂಟ್, ಹಿ ವೆಂಟ್, ಶಿ ವೆಂಟ್, ದೇ ವೆಂಟ್.

“ಎಲ್ಲರಿಗೂ ವೆಂಟ್ ಒಂದೇನಾ?” ಅಕ್ಕ ಕೇಳಿದಳು.

“ಒಂದೇ.”

“ನಮ್ಮಲ್ಲಿ ಹೋದೆ, ಹೋದ, ಹೋದಳು, ಹೋದರು. ಹೋದಳು ಅಂದ್ರೆ ಸಾಕು, ಹೋಗಿದ್ದು ಹೆಂಗಸು ಅಂತ ಗೊತ್ತಾಗುತ್ತೆ. ಹೆಸರು ಹೇಳೋದೇ ಬೇಡ. ಇವರ ವೆಂಟ್ ನೋಡಿದ್ರೆ ಯಾರು ಹೋದರು ಅಂತ ಹೇಗೆ ಗೊತ್ತಾಗೋದು?”

ಹೊಲಿಗೆಯಂತ್ರ ನಿಂತಿತು. “ಅವರದು ರೆಡಿಮೇಡು ಕಣೇ,” ಎಂದ ದರ್ಜಿ ಸೂಜಿಯಿಂದ ಕಣ್ಣೆತ್ತದೆ. “ಒಂದೇ ಅಳತೆ, ಯಾರು ಬೇಕಾದರೂ ತೊಟ್ಕೋಬಹುದು. ನಮ್ಮದು ಮೈಗೆ ಅಳತೆ ತೆಗೆದು ಹೊಲಿದದ್ದು. ತೋಳು ನೋಡಿದ್ರೇ ಯಾರ ಅಂಗಿ ಅಂತ ಗೊತ್ತಾಗುತ್ತೆ.”

ಆ ಮಾತನ್ನು ಅನುಮಾನಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಕಲಿಸಲು ಬಂದವಳು ಬರೆದುಕೊಳ್ಳುತ್ತಿದ್ದಾಳೆಂದು ಗಂಡ ಹೆಂಡತಿ ಇಬ್ಬರೂ ನಕ್ಕರು.

ಮುಂದಿನ ವಾರ ಅಕ್ಕನೇ ತಕರಾರು ತಂದಳು. “ರೆಡಿಮೇಡು ಅಂದ್ರಲ್ಲ ನಿನ್ನ ಭಾವ, ಹಾಗಾದ್ರೆ ಐ ವಾಷ್, ಯೂ ವಾಷ್, ದೇ ವಾಷ್, ಹಿ ವಾಷಸ್. ಅವನೊಬ್ಬನಿಗೆ ಯಾಕಮ್ಮ ಬಾಲ?”

ಇದಕ್ಕೆ ಉತ್ತರ ಅನುಮಾನಿಗೆ ಗೊತ್ತಿತ್ತು, ಗೊತ್ತಿದ್ದುದಕ್ಕೆ ಖುಷಿಯೂ ಆಯಿತು. ಹಿಂದೆ ಇಂಗ್ಲಿಷಿನಲ್ಲೂ ಆಳಿಗೊಂದು ಬಾಲವಿತ್ತು, ಶತಮಾನಗಳು ಕಳೆದಂತೆ ಒಂದೊಂದಾಗಿ ಉದುರಿದವು, ಉಳಿದದ್ದು ಇದೊಂದೇ. ಮನುಷ್ಯನ ಬೆನ್ನಿನ ತುದಿಯಲ್ಲಿ ಈಗಲೂ ಒಂದು ಸಣ್ಣ ಎಲುಬು ಇದೆಯಲ್ಲ, ಹಾಗೆ.

“ಅಂದ್ರೆ ಅವರೂ ಮೊದಲು ಹೊಲಿಸಿ ತೊಡ್ತಿದ್ದರು,” ಎಂದ ದರ್ಜಿ, ಗೆದ್ದವನ ಹಾಗೆ. “ಆಮೇಲೆ ದರ್ಜಿಗಳನ್ನ ಬಿಟ್ಟರು. ಒಂದು ಗುಂಡಿ ಮಾತ್ರ ಉಳೀತು.”

ಗೋ-ವೆಂಟ್-ಗಾನ್, ಟೇಕ್-ಟುಕ್-ಟೇಕನ್. ಮೂರು ಮೂರು ರೂಪಗಳ ಪಟ್ಟಿ ಅಡುಗೆಮನೆಯ ಗೋಡೆ ಹತ್ತಿತು. ಅನುಮಾನಿ ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು: ಬಹಳಷ್ಟು ಪದಗಳಿಗೆ ‘ಎಡ್’ ಹಚ್ಚಿದರೆ ಮುಗಿಯಿತು, ಆದರೆ ಈ ಕೆಲವು ಹಟಮಾರಿಗಳಿವೆ, ಇವಕ್ಕೆ ನಿಯಮವಿಲ್ಲ, ಬಾಯಿಪಾಠವೇ ಗತಿ. ಅಕ್ಕ ಪಟ್ಟಿಯನ್ನು ನೋಡಿದಳು, ಒಲೆಯ ಪಕ್ಕದ ಪಾತ್ರೆಗಳನ್ನು ನೋಡಿದಳು.

“ಹೋಗು, ಬಾ, ತಿನ್ನು, ಕೊಡು, ತಗೋ, ಮಾಡು, ಹೇಳು. ಇವೆಲ್ಲ ದಿನಾ ಕೈಗೆ ಸಿಗೋವು. ದಿನಾ ಬಳಸೋ ಪಾತ್ರೆ ನೆಗ್ಗಿರುತ್ತೆ, ಮೂತಿ ಸೊಟ್ಟಗಾಗಿರುತ್ತೆ. ಅಟ್ಟದ ಮೇಲಿರೋದು ದುಂಡಗೇ ಇರುತ್ತೆ. ಅದಕ್ಕೇನು ನಿಯಮ ಬೇಕು?”

ಅನುಮಾನಿ ಎಂದಿನಂತೆ ನಂಬಲಿಲ್ಲ. ಗ್ರಂಥಾಲಯದಲ್ಲಿ ಕೂತು ಒಂದು ಇಂಗ್ಲಿಷ್ ಪತ್ರಿಕೆಯ ನಾಲ್ಕು ಪುಟಗಳ ಕ್ರಿಯಾಪದಗಳನ್ನು ಎಣಿಸಿದಳು. ಅತಿ ಹೆಚ್ಚು ಸಲ ಬಂದ ಹತ್ತರಲ್ಲಿ ಹತ್ತೂ ಸೊಟ್ಟವೇ. ಬಹಳ ವರ್ಷಗಳ ಮೇಲೆ, ಭಾಷೆಯನ್ನು ಅಳೆದು ತೂಗುವವರು ಇದನ್ನೇ ದೊಡ್ಡ ಎಣಿಕೆಗಳಿಂದ ತೋರಿಸಿದ್ದಾರೆಂದು ಓದಿದಾಗ ಅವಳಿಗೆ ಮೊದಲು ನೆನಪಾದದ್ದು ಆ ಒಲೆಯ ಪಕ್ಕದ ತಪ್ಪಲೆ. ಹೆಚ್ಚು ಬಳಕೆಯಲ್ಲಿರುವ ಪದ ನಾಲಿಗೆಗೆ ಎಷ್ಟು ಒಗ್ಗಿರುತ್ತದೆಂದರೆ ಯಾರೂ ಅದನ್ನು ನಿಯಮಕ್ಕೆ ತಿದ್ದಲು ಹೋಗುವುದಿಲ್ಲ. ಅಪರೂಪದ್ದು ಮರೆತುಹೋಗಿ ನಿಯಮಕ್ಕೆ ಶರಣಾಗುತ್ತದೆ. ಅಕ್ಕನ ಹೋಲಿಕೆಯಲ್ಲಿ ಕಾರಣ ಸ್ವಲ್ಪ ತಪ್ಪು, ಫಲ ಪೂರ್ತಿ ಸರಿ ಎಂದು ಅವಳು ಮನಸ್ಸಿನಲ್ಲೇ ಅಂಕ ಕೊಟ್ಟಿದ್ದಳು.

ಪ್ರಶ್ನೆ ಕೇಳುವ ವಾಕ್ಯಗಳ ದಿನ ಅಕ್ಕನ ಮುಖ ಅರಳಿದ್ದನ್ನು ಅನುಮಾನಿ ಎಂದೂ ಮರೆಯಲಿಲ್ಲ. ಯೂ ವೇಯ್ಡ್, ನೀನು ತೂಗಿದೆ. ಪ್ರಶ್ನೆಯಾದರೆ: ಡಿಡ್ ಯೂ ವೇ?

“ತಡಿ ತಡಿ. ಆಗಿಹೋದದ್ದು ಅನ್ನೋ ಗುರುತು ವೇಯ್ಡ್ ಮೇಲಿತ್ತು. ಈಗ ಡಿಡ್ ಮೇಲೆ ಹೋಯ್ತು. ವೇ ಬರಿಗೈಯಲ್ಲಿ ನಿಂತ್ಕೊಂಡಿತು. ಹೌದಾ?”

“ಹೌದು. ಡಿಡ್ ಅಂದ್ರೆ ಸಹಾಯಕ ಕ್ರಿಯಾಪದ. ಕಾಲದ ಭಾರ ಅದು ಹೊರುತ್ತೆ.”

“ಸಹಾಯಕಿನಾ! ಗೊತ್ತಾಯ್ತು ಬಿಡು. ಡಿಡ್ ಅಂದ್ರೆ ನಾನು, ವೇ ಅಂದ್ರೆ ನೀನು. ಭಾರ ನಂದು, ಹೆಸರು ನಿಂದು!” ಅಕ್ಕ ತೊಡೆ ತಟ್ಟಿ ನಕ್ಕಳು. ಅನುಮಾನಿಯೂ ನಕ್ಕಳು, ಆಮೇಲೆ ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಾಗ ಆ ನಗು ಸ್ವಲ್ಪ ಚುಚ್ಚಿತು. ಹಿಂದಿನ ದಿನವಷ್ಟೇ ಅವಳು, ತಾನು ತೂಗದ ಒಂಬತ್ತು ಬಟ್ಟಲುಗಳ ಮುಂದೆ ಸಹಿ ಹಾಕಿದ್ದಳು.

ಆದರೆ ಕರ್ತೃವಿಲ್ಲದ ವಾಕ್ಯ ಅಕ್ಕನ ಗಂಟಲಲ್ಲಿ ಇಳಿಯಲೇ ಇಲ್ಲ. ‘ವಾಸ್ ವೇಯ್ಡ್’ ಎಂದು ಬರೆಸಿದರೆ ಬರೆಯುತ್ತಿದ್ದಳು; ಕೊನೆಗೆ ‘ಬೈ ಮೀ’ ಎಂದು ಸೇರಿಸಿಬಿಡುತ್ತಿದ್ದಳು. ‘ನನ್ನಿಂದ.’ ಅನುಮಾನಿ ಹೊಡೆದುಹಾಕುತ್ತಿದ್ದಳು.

“ಯಾರು ತೂಗಿದ್ರೂ ಒಂದೇ ತೂಕ ಅಂತೀಯಲ್ಲ, ಮಾಡಿ ತೋರಿಸು,” ಎಂದಳು ಅಕ್ಕ ಒಂದು ದಿನ. “ನೀನು ಅನುಮಾನಿ ತಾನೆ? ಇದನ್ನ ಮಾತ್ರ ಕಣ್ಮುಚ್ಚಿ ನಂಬ್ತೀಯಾ?”

ಸವಾಲು ನಾಟಿತು. ಮರುದಿನ ಒಂದೇ ಪಿಂಗಾಣಿ ಬಟ್ಟಲನ್ನು ಇಬ್ಬರೂ ಐದೈದು ಸಲ ತೂಗಿದರು. ಪ್ರತಿ ಸಲವೂ ಓವನ್ನಿನಲ್ಲಿ ಕಾಯಿಸಿ, ತೇವ ಹೀರುವ ನೀಲಿ ಹರಳುಗಳಿದ್ದ ಮುಚ್ಚಿದ ಗಾಜಿನ ಜಾಡಿಯಲ್ಲಿ ಆರಲು ಬಿಟ್ಟು. ಅಕ್ಕನ ಐದು ತೂಕಗಳೂ ಕೊನೆಯ ಅಂಕಿಯಷ್ಟೇ ಆಚೀಚೆ. ಅನುಮಾನಿಯ ಐದೂ ಅಕ್ಕನದಕ್ಕಿಂತ ಎರಡು ಮೂರು ಮಿಲಿಗ್ರಾಂ ಕಡಿಮೆ. ಐದಕ್ಕೆ ಐದೂ ಒಂದೇ ಕಡೆಗೆ ವಾಲಿದ್ದವು. ಹಾಗಾಗಿ ಆಕಸ್ಮಿಕ ಎನ್ನುವಂತಿರಲಿಲ್ಲ.

“ನೀನು ಎಷ್ಟು ಹೊತ್ತು ಆರಿಸ್ತೀಯಾ?”

“ಪುಸ್ತಕದಲ್ಲಿ ಇರುವಷ್ಟು. ಇಪ್ಪತ್ತು ನಿಮಿಷ.”

“ಪುಸ್ತಕಕ್ಕೆ ಕೆನ್ನೆ ಇಲ್ಲ.” ಅಕ್ಕ ಚಿಮುಟದಲ್ಲಿ ಬಟ್ಟಲನ್ನು ಎತ್ತಿ ಕೆನ್ನೆಯ ಹತ್ತಿರ ತಂದಳು, ತಾಗಿಸದೆ, ಒಂದು ಬೆರಳಷ್ಟು ದೂರ. “ಇಲ್ಲಿ ಏನೂ ಗೊತ್ತಾಗಬಾರದು. ಬಟ್ಟಲು ಇದೆ ಅಂತಾನೇ ಅನ್ನಿಸಬಾರದು. ಆಗ ತೂಗು. ಬಿಸಿ ಇರೋವಾಗ ಎಲ್ಲಾ ಹಗುರಾಗೇ ಕಾಣುತ್ತೆ, ಸಿಟ್ಟಲ್ಲಿ ಆಡಿದ ಮಾತಿನ ಹಾಗೆ.”

ಬೆಚ್ಚಗಿನ ಬಟ್ಟಲಿನ ಸುತ್ತಲಿನ ಗಾಳಿ ಕಾದು ಮೇಲೇಳುತ್ತದೆ, ಏಳುವಾಗ ತಟ್ಟೆಯನ್ನೂ ತುಸು ಎತ್ತುತ್ತದೆ. ಭೌತವಿಜ್ಞಾನ ಅನುಮಾನಿಗೆ ಗೊತ್ತಿತ್ತು. ಗೊತ್ತಿದ್ದುದನ್ನು ಕೆನ್ನೆಗೆ ತಂದುಕೊಂಡಿರಲಿಲ್ಲ. “ಅಕ್ಕ, ಹಾಗಾದ್ರೆ ನನ್ನ ಮೊದಲ ವರ್ಷ? ಎಲ್ಲಾ ನಾನೇ ತೂಗಿದ್ದಲ್ವಾ? ಆ ವರದಿಗಳೆಲ್ಲ ತಪ್ಪಾ?”

ಮೊದಲ ವರ್ಷ ಕಠಿಣವಾಗಿತ್ತು. ಶಾಯಿಯಲ್ಲಿ ಬರೆದ ಅಂಕಿಯನ್ನು ತಿದ್ದಬೇಕಾದರೆ ದೊಡ್ಡ ಸಾಹೇಬರಿಗೆ ತಪ್ಪೊಪ್ಪಿಗೆ ಪತ್ರ ಕೊಡಬೇಕಿತ್ತು. ಅಂಥ ಪತ್ರ ಮೂರಾದರೆ ಹೊಸಬರನ್ನು ಮನೆಗೆ ಕಳಿಸುತ್ತಿದ್ದರು. ಅನುಮಾನಿ ಒಂದೂ ಪತ್ರ ಕೊಡದೆ ವರ್ಷ ದಾಟಿದ್ದಳು. ಆ ಕಟ್ಟಡದಲ್ಲಿ ಅದೊಂದು ದಾಖಲೆ. ಅದರ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆಯೂ ಇತ್ತು.

“ನಿನ್ನ ಸಹಿ ಹೊತ್ತು ಹೊರಗೆ ಹೋದದ್ದು ಒಂದೂ ತಪ್ಪಿಲ್ಲ,” ಎಂದಳು ಅಕ್ಕ, ತಕ್ಕಡಿಯ ಗಾಜಿನ ಬಾಗಿಲನ್ನು ಇಳಿಸುತ್ತ. “ಆಗ ನೀನು ಹೆದರ್ತಿದ್ದೆ, ನಿಧಾನ ಮಾಡ್ತಿದ್ದೆ. ಹೋಗು, ಕೈ ತೊಳ್ಕೋ.”

ಅನುಮಾನಿ ಹಗುರಾದಳು. ಅದನ್ನು ಎರಡನೆಯ ಸಲ ಪರೀಕ್ಷಿಸಬೇಕೆಂದು ಅವಳಿಗೆ ತೋಚಲಿಲ್ಲ.

ಅರ್ಜಿ ಹಾಕುವಾಗ ಹೊಸದೊಂದು ಕೊಕ್ಕೆ ಬಿತ್ತು. ದೊಡ್ಡ ಸಾಹೇಬರು ಅಕ್ಕನನ್ನು ಕರೆಸಿ ಒಡಕು ಸಾಮಾನಿನ ಪುಸ್ತಕ ತೆರೆದರು. ಐದು ವರ್ಷಗಳಲ್ಲಿ ಹತ್ತಕ್ಕಿಂತ ಹೆಚ್ಚು ಸಾಮಾನು ಒಡೆದವರು ಬರೆಹದ ಪರೀಕ್ಷೆಯ ಜೊತೆಗೆ ಕೈಕೆಲಸದ ಪರೀಕ್ಷೆಗೂ ಕೂರಬೇಕೆಂಬುದು ನಿಯಮ. ಅಕ್ಕನ ಹೆಸರಿನ ಮುಂದೆ ಹನ್ನೊಂದು ಪಿಂಗಾಣಿ ಬಟ್ಟಲುಗಳಿದ್ದವು.

“ಹನ್ನೊಂದು!” ಎಂದರು ಸಾಹೇಬರು. “ತಕ್ಕಡಿ ಅಕ್ಕ ಅಂತ ಹೆಸರು ಬೇರೆ. ಅಷ್ಟೊಂದು ಹೇಗಮ್ಮ ಒಡೆದೆ?”

“ಒಡೆದುಹೋಯ್ತು ಸಾರ್.”

“ನೀನೇ ಹೇಳ್ತಿರ್ತೀಯಂತಲ್ಲ, ಯಾರು ಮಾಡಿದ್ದು ಅಂತ ಹೇಳದ ಮಾತು ಮಾತೇ ಅಲ್ಲ ಅಂತ?”

“ಕನ್ನಡಕ ಬದಲಾಯಿಸೋ ಮುಂಚಿನದು ಸಾರ್. ಬೆಳಿಗ್ಗೆ ಕೋಣೆ ಒರೆಸೋವಾಗ ಕೈ ಜಾರಿತು.”

ಬಾಗಿಲ ಬಳಿ ನಿಂತಿದ್ದ ಅನುಮಾನಿಗೆ ಕೆಡುಕೆನಿಸಿತು. ಅವಳಿಗೂ ನೆನಪಿತ್ತು: ಎಷ್ಟೋ ಬೆಳಗ್ಗೆ ಅಕ್ಕ ಎದುರು ಬಂದು, “ನಿನ್ನ ನಿನ್ನೆಯ ಬಟ್ಟಲು ಒಂದು ಒಡೆದುಹೋಯ್ತು ಕಣೇ, ಆ ನೀರು ಇನ್ನೂ ಇದೆಯಲ್ಲ, ಮತ್ತೊಂದು ಸಲ ಮಾಡಿಬಿಡು,” ಎನ್ನುತ್ತಿದ್ದಳು. ಅನುಮಾನಿ ಒಳಗೊಳಗೇ ಬೈದುಕೊಂಡು ಮತ್ತೆ ಮಾಡುತ್ತಿದ್ದಳು. ಒಡೆದ ಬಟ್ಟಲಿಗೆ ತಪ್ಪೊಪ್ಪಿಗೆ ಪತ್ರ ಬೇಕಿರಲಿಲ್ಲ. ‘ಬಟ್ಟಲು ಒಡೆದಿದೆ, ಪರೀಕ್ಷೆ ಮತ್ತೆ’ ಎಂದು ಬರೆದರೆ ಮುಗಿಯುತ್ತಿತ್ತು.

“ಇರಲಿ ಬಿಡಿ ಅಕ್ಕ,” ಎಂದು ಹೊರಗೆ ಬಂದ ಮೇಲೆ ಧೈರ್ಯ ಹೇಳಿದಳು. “ಕೈಕೆಲಸದಲ್ಲಿ ನಿಮ್ಮನ್ನ ಬೀಳಿಸೋರು ಹುಟ್ಟಿಲ್ಲ. ಬರೆಹ ಒಂದು ದಾಟಿಬಿಡಿ. ‘ಬೈ ಮೀ’ ಬರೆದರೆ ಮಾತ್ರ ನಾನು ನಿಮ್ಮ ಮನೆಗೆ ಕಾಲಿಡಲ್ಲ.”

“ಬರೆಯಲ್ಲ ಮಾರಾಯ್ತಿ. ನಾನು ಸತ್ತುಹೋಗಿದ್ದೀನಿ ಅಂದ್ಕೊಂಡು ಬರೀತೀನಿ. ಆಗ ಸರಿ ಬರುತ್ತೆ.”

ಪರೀಕ್ಷೆ ಬೇರೊಂದು ಕಟ್ಟಡದಲ್ಲಿ ನಡೆಯಿತು. ಬೆಳಗ್ಗೆ ಬರೆಹ, ಮಧ್ಯಾಹ್ನ ಕೈಕೆಲಸ. ನಡೆದದ್ದೇನೆಂದು ಮೊದಲು ತಿಳಿದದ್ದು ಅಕ್ಕನಿಂದಲ್ಲ. ಫಲಿತಾಂಶ ಬಂದ ದಿನ ದೊಡ್ಡ ಸಾಹೇಬರು ಅನುಮಾನಿಯನ್ನು ಕೋಣೆಗೆ ಕರೆದು ಅಕ್ಕನ ಎರಡು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟರು. ಬರೆಹದಲ್ಲಿ ನೂರಕ್ಕೆ ಎಂಬತ್ತೆಂಟು. ಒಂದೂ ‘ಐ’ ಇರಲಿಲ್ಲ, ಒಂದೂ ಕೆಂಪು ಸುತ್ತು ಇರಲಿಲ್ಲ. ಕೈಕೆಲಸದಲ್ಲಿ ಸೊನ್ನೆ.

“ಓದಿ,” ಎಂದರು ಸಾಹೇಬರು.

ಅಭ್ಯರ್ಥಿಗಳಿಗೆಲ್ಲ ಒಂದೊಂದು ಬಟ್ಟಲು ಕೊಟ್ಟು, ಅರ್ಧ ಗಂಟೆಯೊಳಗೆ ತೂಗಿ ಬರೆಯಿರಿ ಎಂದಿದ್ದರಂತೆ. ಬಟ್ಟಲುಗಳನ್ನು ಓವನ್ನಿನಿಂದ ತೆಗೆದಿದ್ದುದೇ ತಡವಾಗಿ. ಉಳಿದವರು ಹತ್ತು ನಿಮಿಷದಲ್ಲಿ ತೂಗಿ, ಅಂಕಿ ಬರೆದು, ಸಹಿ ಹಾಕಿ ಎದ್ದು ಹೋದರು. ಅಕ್ಕನ ಹಾಳೆಯಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಅನುಮಾನಿ ಕಲಿಸಿದ ಕ್ರಿಯಾಪದಗಳು ಒಂದರ ಹಿಂದೊಂದು ತಪ್ಪಿಲ್ಲದೆ ನಿಂತಿದ್ದವು. ದ ಡಿಶ್ ವಾಸ್ ಟೇಕನ್. ದ ಡಿಶ್ ವಾಸ್ ಫೌಂಡ್ ವಾರ್ಮ್. ದ ಡಿಶ್ ವಾಸ್ ಕೆಪ್ಟ್ ಫಾರ್ ಕೂಲಿಂಗ್. ಕೊನೆಯ ಸಾಲು: ದ ಡಿಶ್ ವಾಸ್ ನಾಟ್ ವೇಯ್ಡ್.

ಬಟ್ಟಲನ್ನು ತೂಗಲಾಗಲಿಲ್ಲ. ತೂಕ ಬರೆಯಬೇಕಾದ ಚೌಕದಲ್ಲಿ ಏನೂ ಇರಲಿಲ್ಲ.

“ವ್ಯಾಕರಣ ಸರಿಯಾಗಿಯೇ ಇದೆ,” ಎಂದರು ಸಾಹೇಬರು, ಕನ್ನಡಕ ತೆಗೆದು ಮೂಗು ಒತ್ತಿಕೊಳ್ಳುತ್ತ. “ನಾನೂ ಪರೀಕ್ಷಕರ ಜೊತೆ ಮಾತಾಡಿದೆ. ತೂಕ ಇಲ್ಲದೆ ಅಂಕ ಎಲ್ಲಿಂದ ಕೊಡೋದು ಅಂದರು.”

ಅನುಮಾನಿ ನೇರ ತಕ್ಕಡಿಯ ಕೋಣೆಗೆ ಹೋದಳು. ಅಕ್ಕ ಗಾಜು ಒರೆಸುತ್ತಿದ್ದಳು.

“ಒಂದು ಅಂಕಿ ಬರೆದುಬಿಡೋಕೆ ಏನಾಗಿತ್ತು ನಿಮಗೆ? ಎರಡು ಮಿಲಿಗ್ರಾಂ! ಅಲ್ಲಿ ಯಾರಿಗೆ ಗೊತ್ತಾಗ್ತಿತ್ತು? ಬಿಸಿ ಬಟ್ಟಲು ಕೊಟ್ಟಿದ್ದು ಅವರ ತಪ್ಪು!”

“ಕೂಗಬೇಡ, ಮುಳ್ಳು ಅಲ್ಲಾಡುತ್ತೆ.”

“ಅಕ್ಕ! ಇದೇ ಕೊನೇ ಸಲ ಆಗಿತ್ತು.”

“ಗೊತ್ತಿತ್ತು ಕಣೇ.” ಅಕ್ಕ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. “ಇಪ್ಪತ್ತೆರಡು ವರ್ಷದಿಂದ ಆ ಅಂಕಣದಲ್ಲಿ ಸಹಿ ಮಾಡ್ಬೇಕು ಅಂತ ಕಾದವಳು, ಮೊದಲನೇ ಸಹಿಯನ್ನೇ ಸುಳ್ಳು ತೂಕದ ಮುಂದೆ ಹಾಕ್ಲಾ? ಕೆನ್ನೆಗೆ ಬಿಸಿ ತಾಗ್ತಾ ಇತ್ತು. ನಾನೇನು ಮಾಡ್ಲಿ?” ಆಮೇಲೆ ಮೆಲ್ಲಗೆ ನಕ್ಕಳು. “ಆದರೂ ವಾಕ್ಯ ಹೇಗಿತ್ತು ಹೇಳು. ಒಬ್ಬರೂ ಇಲ್ಲ ಅದರಲ್ಲಿ. ಪೂರ್ತಿ ವಿಜ್ಞಾನ!”

ಅನುಮಾನಿ ಬಾಗಿಲ ಚೌಕಟ್ಟಿಗೆ ಒರಗಿ ಅತ್ತಳು. ಅಕ್ಕ ಗಾಜು ಒರೆಸುವ ಬಟ್ಟೆಯನ್ನು ಕೊಡಲು ಹೋಗಿ, ಅದರಲ್ಲಿ ಎಳೆ ಉಳಿದೀತೆಂದು ತನ್ನ ಸೆರಗನ್ನೇ ಕೊಟ್ಟಳು.

ಅಕ್ಕ ಅಟೆಂಡರ್ ಆಗಿಯೇ ನಿವೃತ್ತಳಾದಳು. ಅದಕ್ಕೆ ಮುಂಚೆ ಅನುಮಾನಿ ಆ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದಳು; ಕುರ್ಚಿ ಸಿಕ್ಕ ವರ್ಷವೇ ಮೇಲಿನ ಕಚೇರಿಗೆ ಮೂರು ಪತ್ರ ಬರೆದಳು, ತೂಗುವವರೇ ಸಹಿ ಮಾಡಲಿ ಎಂದು. ಮೂರೂ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದ ಹೊತ್ತು ಹಿಂತಿರುಗಿದವು. ಯಾರು ಪರಿಶೀಲಿಸಿದರು ಎಂದು ಇರಲಿಲ್ಲ. ಅಕ್ಕನಿಗೆ ತೋರಿಸಿದಾಗ ಅವಳು, “ನೋಡು, ಕನ್ನಡಕ್ಕೂ ಬಾಲ ಉದುರೋಕೆ ಶುರುವಾಯ್ತು,” ಎಂದಳು. ಅಂದಿನಿಂದ ಅನುಮಾನಿ ಹೊಸ ವಿಶ್ಲೇಷಕರಿಗೆಲ್ಲ ಕೆನ್ನೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿದಳು, ಮತ್ತು ತಾನು ತೂಗದ ಯಾವುದಕ್ಕೂ ಸಹಿ ಹಾಕುವುದನ್ನು ಬಿಟ್ಟಳು. ಕೆಲಸ ನಿಧಾನವಾಯಿತು. ಬೈದವರಿದ್ದರು.

ನಿವೃತ್ತಿಯ ನಂತರವೂ ರಜೆಯ ಬೆಳಗ್ಗೆಗಳು ತಪ್ಪಲಿಲ್ಲ. ಕಲಿಯಲು ಏನೂ ಉಳಿದಿರಲಿಲ್ಲವಾದರೂ ಮೂರು ರೂಪಗಳ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ ಹೊಗೆ ಹಿಡಿದು ಹಾಗೇ ಇತ್ತು. ಅರವತ್ತೆಂಟರಲ್ಲಿ ಅಕ್ಕನ ಹೃದಯ ನಿಂತಿತು. ಬೆಳಗ್ಗೆ, ಹಾಲಿನ ಪಾತ್ರೆ ಇಳಿಸುವಾಗ. ಪಾತ್ರೆಯನ್ನು ಕೆಳಗಿಟ್ಟ ಮೇಲೆ ಬಿದ್ದಳು, ಹಾಲು ಚೆಲ್ಲಿರಲಿಲ್ಲ ಎಂದು ದರ್ಜಿ ಬಂದವರಿಗೆಲ್ಲ ಹೇಳುತ್ತಿದ್ದ.

ತಿಂಗಳ ಮೇಲೆ ಅವನು ಅನುಮಾನಿಯನ್ನು ಕರೆದು ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿದ. ಅವಳಿಗೀಗ ನಲವತ್ತಾರು, ತಲೆಯಲ್ಲಿ ಅಲ್ಲಲ್ಲಿ ಬಿಳಿ.

“ಇದು ನಿಮ್ಮ ಲ್ಯಾಬಿಂದು ನಾದಿನಿ. ಗುಂಡಿ ಹಾಕಿಟ್ಕೊಳ್ಳೋಕೆ ಒಂದು ಕೊಡೇ ಅಂದ್ರೂ ಕೊಡ್ತಿರಲಿಲ್ಲ ಅವಳು. ವಾಪಸ್ ಕೊಡ್ಬೇಕು ಕೊಡ್ಬೇಕು ಅಂತಿದ್ಲು. ಯಾಕೋ ಕೊಡ್ಲಿಲ್ಲ.”

ಒಳಗೆ, ಅಂಗಿಯ ತುಂಡುಬಟ್ಟೆಗಳಲ್ಲಿ ಒಂದೊಂದಾಗಿ ಸುತ್ತಿಟ್ಟ ಪಿಂಗಾಣಿ ಬಟ್ಟಲುಗಳಿದ್ದವು. ಒಂದೊಂದರಲ್ಲೂ ಮಡಿಸಿದ ಒಂದು ಚೀಟಿ. ಚೀಟಿಯಲ್ಲಿ ತಾರೀಖು, ಕೆಳಗೆ ಎರಡು ತೂಕ: ಮೊದಲನೆಯದರ ಮುಂದೆ ‘ಹುಡುಗಿ ತೂಗಿದ್ದು’, ಎರಡನೆಯದರ ಮುಂದೆ ‘ಬೆಳಿಗ್ಗೆ ನಾನು ತೂಗಿದ್ದು’. ಎಲ್ಲ ಚೀಟಿಗಳಲ್ಲೂ ಎರಡನೆಯದೇ ಹೆಚ್ಚು, ಎರಡು ಮಿಲಿಗ್ರಾಂ, ಮೂರು, ಒಂದರಲ್ಲಿ ಐದು. ತಾರೀಖುಗಳೆಲ್ಲ ಅನುಮಾನಿಯ ಮೊದಲ ವರ್ಷದವು.

ಅವಳು ಬಟ್ಟಲುಗಳನ್ನು ಹೊಲಿಗೆಯಂತ್ರದ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಒಮ್ಮೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಹನ್ನೊಂದಿದ್ದವು. ಯಾವುದರಲ್ಲೂ ಒಂದು ಬಿರುಕು ಕೂಡ ಇರಲಿಲ್ಲ.